ತೋಟೆ ಕಟ್ಟುವ ಪ್ರೆಸ್: ‘ಪ್ರೊಗ್ರೆಸಿವ್’ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರಿಗೆ ನಮಸ್ಕಾರ,

ಅಮೆರಿಕದಲ್ಲಿ ಗುರಿ ಹೊಡೆಯುವ ಹವ್ಯಾಸದವರು ಅನೇಕರು ಹಾರಿಸಿದ ತೋಟೆಯ (ಕಾರ್ಟ್ರಿಡ್ಜ್) ಹಿತ್ತಾಳೆ ಚಿಪ್ಪನ್ನು ಎಸೆಯುವುದಿಲ್ಲ. ಆರಿಸಿ ತಂದು, ಮನೆಯ ಶೆಡ್ಡಿನಲ್ಲಿ ಹೊಸ ಕೇಪು (ಪೆಟ್ಟು ಬಿದ್ದಾಗ ಕಿಡಿ ಹಾರಿಸಿ ಮದ್ದು ಹೊತ್ತಿಸುವ ಪುಟ್ಟ ಬಟ್ಟಲು), ಮದ್ದು, ಗುಂಡು ಸೇರಿಸಿ ಮತ್ತೆ ಬಳಸುತ್ತಾರೆ. ಅದಕ್ಕೆ ಬೇಕಾದ ಕೈಪ್ರೆಸ್‌ಗಳನ್ನು ಮಾಡುವ ಕಂಪನಿಗಳ ಪೈಪೋಟಿ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಬೇಕಾದ ಪದಗಳಲ್ಲಿ ಹೆಚ್ಚಿನವು ಸಿಕ್ಕಿವೆ. ‘ಪ್ರೊಗ್ರೆಸಿವ್ ಪ್ರೆಸ್’ ಎಂಬಲ್ಲಿ ಬಂದು ನಿಂತಿದ್ದೇನೆ.

ಮೊದಲು ಸಿಕ್ಕ ಪದಗಳನ್ನು ಹೇಳುತ್ತೇನೆ, ತಪ್ಪಿದ್ದರೆ ತಿದ್ದಿ. ಪತ್ರಿಕೆಗಳಲ್ಲಿ ಇಡೀ ತೋಟೆಗೂ ‘ಗುಂಡು’, ಅದರ ತುದಿಯಿಂದ ಹಾರಿ ಹೋಗುವುದಕ್ಕೂ ‘ಗುಂಡು’ ಎಂದೇ ಬರೆಯುತ್ತಾರೆ. ಸುದ್ದಿಗೆ ಅಷ್ಟು ಸಾಕು, ನನ್ನ ಲೇಖನಕ್ಕೆ ಸಾಲದು. ಮಲೆನಾಡಿನವರು ಈ ವಿಷಯದಲ್ಲಿ ಬಹಳ ಚೊಕ್ಕ. ಕೇಪಿನ ಕೋವಿ ಬೇರೆ, ತೋಟಾ ಕೋವಿ ಬೇರೆ. ಚರೆ ಬೇರೆ, ಗುಂಡು ಬೇರೆ. ಹಾಗಾಗಿ ಇಡಿಯದಕ್ಕೆ ‘ತೋಟೆ’, ಹಾರುವುದಕ್ಕೆ ‘ಗುಂಡು’, ಪುಡಿಗೆ ‘ಮದ್ದು’ ಎಂದು ಇಟ್ಟುಕೊಂಡೆ. ‘ತೋಟಾ’ ಬಿಟ್ಟು ‘ತೋಟೆ’ ಹಿಡಿದದ್ದಕ್ಕೆ ಕಾರಣ, ಬರಹದಲ್ಲಿ ಅದು ಅಡಿಕೆ ತೋಟದ ಜೊತೆ ಬೆರೆಯಬಾರದು ಎಂದು. ಪ್ರೈಮರ್‌ಗೆ ‘ಕೇಪು’ ಎಂದೇ ಬರೆದಿದ್ದೇನೆ. ಹಳೆಯ ಕೋವಿಯಲ್ಲಿ ಕೇಪು ಹೊರಗೆ ಕೂರುತ್ತಿತ್ತು, ತೋಟೆಯಲ್ಲಿ ಅದು ಚಿಪ್ಪಿನ ಬುಡದಲ್ಲಿ ಕೂರುತ್ತದೆ. ಮಾಡುವ ಕೆಲಸ ಒಂದೇ, ಅಲ್ವಾ?

‘ರಿಲೋಡಿಂಗ್’ಗೆ ‘ಮರುತುಂಬುವುದು’ ಎಂದರೆ ಕೋವಿಗೆ ಮತ್ತೆ ತೋಟೆ ತುಂಬಿದಂತೆ ಕೇಳುತ್ತದೆ. ಹೂ ಕಟ್ಟುತ್ತೇವೆ, ಬೀಡಿ ಕಟ್ಟುತ್ತೇವೆ. ಹಾಗೆಯೇ ‘ತೋಟೆ ಕಟ್ಟುವುದು’ ಎಂದರೆ ಗೊಂದಲ ಇರುವುದಿಲ್ಲ. ಡೈಗೆ ‘ಅಚ್ಚು’ ಸರಿಯಾಗಿ ಹೊಂದುತ್ತದೆ. ಹಾರಿಸಿದಾಗ ಹಿಗ್ಗಿದ ಚಿಪ್ಪನ್ನು ಅದು ಒತ್ತಿ ಮೊದಲಿನ ಅಳತೆಗೆ ತರುತ್ತದೆ.

ಇನ್ನು ಪ್ರೆಸ್‌ಗಳು. ಇವುಗಳಲ್ಲಿ ಮೂರು ಬಗೆ. ಮೊದಲನೆಯದರಲ್ಲಿ ಒಂದು ಸಲಕ್ಕೆ ಒಂದೇ ಅಚ್ಚು. ನೂರು ಚಿಪ್ಪನ್ನು ಒಂದು ಅಚ್ಚಿನಲ್ಲಿ ಒತ್ತಿ, ಅಚ್ಚು ಬದಲಿಸಿ, ಮತ್ತೆ ಅದೇ ನೂರನ್ನು ಇನ್ನೊಂದರಲ್ಲಿ ಒತ್ತಬೇಕು. ಆರ್‌ಸಿಬಿಎಸ್ ಕಂಪನಿಯ ರಾಕ್ ಚಕರ್ ಈ ಬಗೆಯ ಹೆಸರಾಂತ ಯಂತ್ರ. ಈ ಕಂಪನಿಯನ್ನು ಫ್ರೆಡ್ ಹಂಟಿಂಗ್ಟನ್ ಕ್ಯಾಲಿಫೋರ್ನಿಯಾದ ಓರೊವಿಲ್‌ನಲ್ಲಿ 1943ರಲ್ಲಿ ಶುರು ಮಾಡಿದರು. ಜೋಡು ನಳಿಗೆ, ಒಂಟಿ ನಳಿಗೆ ಎಂಬ ಮಾತು ನಮ್ಮಲ್ಲಿ ಇದ್ದೇ ಇದೆ. ಅದೇ ದಾರಿಯಲ್ಲಿ ಇದನ್ನು ‘ಒಂಟಿ ಅಚ್ಚಿನ ಪ್ರೆಸ್’ ಎಂದೆ.

ಎರಡನೆಯದರಲ್ಲಿ ಹಲವು ಅಚ್ಚುಗಳು ಮೇಲೊಂದು ತಿರುಗುವ ತಲೆಯಲ್ಲಿ ಕೂತಿರುತ್ತವೆ. ಚಿಪ್ಪು ಕೆಳಗೆ ಇದ್ದಲ್ಲೇ ಇರುತ್ತದೆ. ವಿಸ್ಕಾನ್ಸಿನ್ ರಾಜ್ಯದ ಲೀ ಪ್ರಿಸಿಷನ್ ಇದಕ್ಕೆ ತಿರುಚಿದ ಒಂದು ಸರಳು ಕೊಟ್ಟಿತು. ಹಿಡಿ ಎಳೆದು ಬಿಟ್ಟರೆ ತಲೆ ತಾನೇ ಮುಂದಿನ ಅಚ್ಚಿಗೆ ತಿರುಗುತ್ತದೆ. ಅಷ್ಟು ಸರಳ, ಅಷ್ಟೇ ಅಗ್ಗ. ಕಡಿಮೆ ದುಡ್ಡಿನವರಿಗೂ ಈ ಹವ್ಯಾಸ ದಕ್ಕಿದ್ದರಲ್ಲಿ ಲೀ ಕಂಪನಿಯ ಪಾಲು ದೊಡ್ಡದು ಎಂದು ನನ್ನ ಅನಿಸಿಕೆ. ಇದಕ್ಕೆ ‘ತಿರುಗುತಲೆ ಪ್ರೆಸ್’.

ಮೂರನೆಯದೇ ತೊಡಕಿನದು. ಇಲ್ಲಿ ಅಚ್ಚುಗಳು ಕದಲುವುದಿಲ್ಲ, ಕೆಳಗಿನ ತಟ್ಟೆ ತಿರುಗುತ್ತದೆ. ತಟ್ಟೆಯಲ್ಲಿ ಹಲವು ಚಿಪ್ಪುಗಳು ಸುತ್ತ ಕೂತಿರುತ್ತವೆ. ಒಂದು ಸಲ ಹಿಡಿ ಎಳೆದರೆ ಒಂದು ಚಿಪ್ಪಿನ ಹಳೆಯ ಕೇಪು ಬೀಳುತ್ತದೆ, ಇನ್ನೊಂದಕ್ಕೆ ಮದ್ದು ಬೀಳುತ್ತದೆ, ಮತ್ತೊಂದಕ್ಕೆ ಗುಂಡು ಕೂರುತ್ತದೆ. ಎಲ್ಲ ಒಟ್ಟೊಟ್ಟಿಗೆ. ತಟ್ಟೆ ತುಂಬಿದ ಮೇಲೆ ಪ್ರತಿ ಎಳೆತಕ್ಕೂ ಒಂದು ಪೂರ್ತಿ ತೋಟೆ ಹೊರಬರುತ್ತದೆ.

ಪೈಪೋಟಿ ನಿಜವಾಗಿ ಬಿಸಿ ಏರಿದ್ದು ಇಲ್ಲೇ. ಸ್ಯಾನ್ ಡಿಯೇಗೊದ ಸ್ಟಾರ್ ಕಂಪನಿ ಇಂಥ ಯಂತ್ರವನ್ನು ಬಹಳ ಹಿಂದೆಯೇ ಮಾಡಿತ್ತು, ಆದರೆ ಅದು ದುಬಾರಿ. 1976ರಲ್ಲಿ ಮಿಸೂರಿಯ ಕೊಲಂಬಿಯಾದಲ್ಲಿ ಐಪಿಎಸ್‌ಸಿ (ಇಂಟರ್‌ನ್ಯಾಷನಲ್ ಪ್ರಾಕ್ಟಿಕಲ್ ಶೂಟಿಂಗ್ ಕಾನ್ಫೆಡರೇಷನ್) ಎಂಬ ಒಕ್ಕೂಟ ಹುಟ್ಟಿತು. ಓಡುತ್ತಾ, ಬಾಗುತ್ತಾ ಪಿಸ್ತೂಲಿನಿಂದ ಗುರಿ ಹೊಡೆಯುವ ಪಂದ್ಯಗಳು ಬೆಳೆದವು. ಅದರ ಅಭ್ಯಾಸಕ್ಕೆ ಸಾವಿರಗಟ್ಟಲೆ ತೋಟೆ ಬೇಕು. ಒಂಟಿ ಅಚ್ಚಿನಲ್ಲಿ ಕಟ್ಟುತ್ತಾ ಕೂತರೆ ಅಭ್ಯಾಸಕ್ಕೆ ಹೊತ್ತೆಲ್ಲಿ? ಅರಿಜೋನಾದ ಮೈಕ್ ಡಿಲ್ಲನ್ ಮೊದಲು ಸ್ಟಾರ್ ಯಂತ್ರವನ್ನು ರೈಫಲ್ ತೋಟೆಗೆ ಒಗ್ಗಿಸುವ ಭಾಗಗಳನ್ನು ಮಾಡಿದರು, ಆಮೇಲೆ ತಮ್ಮದೇ ಪ್ರೆಸ್‌ಗಳನ್ನು ತಂದರು. ಅವರ 550 ಎಂಬ ಮಾದರಿಯಲ್ಲಿ ನಾಲ್ಕು ನೆಲೆ (ಚಿಪ್ಪು ನಿಂತು ಒಂದೊಂದು ಕೆಲಸ ಆಗುವ ಜಾಗ), ತಟ್ಟೆಯನ್ನು ಕೈಯಲ್ಲೇ ಸರಿಸಬೇಕು. 650ರಲ್ಲಿ ಐದು ನೆಲೆ, ತಟ್ಟೆ ತಾನೇ ಸರಿಯುತ್ತದೆ. ಆ ಐದನೆಯ ನೆಲೆ ಸುಮ್ನೆ ಬಂದದ್ದಲ್ಲ. ಮದ್ದು ಸರಿಯಾಗಿ ಬಿದ್ದಿದೆಯೇ ಎಂದು ನೋಡುವ ಒಂದು ಭಾಗಕ್ಕೆ ಅಲ್ಲಿ ಜಾಗ ಸಿಕ್ಕಿತು. ವೇಗ ಹೆಚ್ಚಿದಷ್ಟೂ ಎರಡು ಸಲ ಮದ್ದು ಬೀಳುವ ಅಪಾಯ ಕಣ್ಣು ತಪ್ಪಿಸುತ್ತದೆ, ಅದಕ್ಕೆ.

ಇನ್ನೊಂದು ಪೈಪೋಟಿ ಅಚ್ಚು ಬದಲಿಸುವುದರಲ್ಲಿ. ಹೆಚ್ಚಿನ ಅಚ್ಚುಗಳಿಗೆ ಒಂದೇ ಥ್ರೆಡ್ ಇದೆ: 7/8 ಇಂಚು ವ್ಯಾಸ, ಇಂಚಿಗೆ 14 ಸುತ್ತು. ಹಾಗಾಗಿ ಒಬ್ಬರ ಅಚ್ಚು ಇನ್ನೊಬ್ಬರ ಪ್ರೆಸ್‌ನಲ್ಲಿ ಕೂರುತ್ತದೆ. ಗಿರಾಕಿಯನ್ನು ಅಚ್ಚಿನಿಂದ ಕಟ್ಟಿಹಾಕಲು ಆಗದ ಕಂಪನಿಗಳು ಅನುಕೂಲದಿಂದ ಒಲಿಸಿಕೊಳ್ಳಲು ನೋಡಿದವು. ಡಿಲ್ಲನ್ ಎಲ್ಲ ಅಚ್ಚುಗಳ ಸಮೇತ ತಲೆಯನ್ನೇ ಎತ್ತಿ ತೆಗೆಯುವಂತೆ ಮಾಡಿತು. ನೆಬ್ರಾಸ್ಕದ ಹಾರ್ನಡಿ ಪ್ರತಿ ಅಚ್ಚಿಗೂ ಸ್ವಲ್ಪ ತಿರುಗಿಸಿದರೆ ಕಳಚುವ ಬುಷ್ (ಅಚ್ಚನ್ನು ಹಿಡಿಯುವ ಬಳೆ) ಕೊಟ್ಟಿತು. ನನಗೆ ಈ ಭಾಗ ತುಂಬಾ ಇಷ್ಟ. ಅಳತೆ ಎಲ್ಲರಿಗೂ ಒಂದೇ ಆಗಿದ್ದರಿಂದಲೇ ಇಷ್ಟು ಹೊಸ ಯೋಚನೆ ಹುಟ್ಟಿತು.

ಈಗ ‘ಪ್ರೊಗ್ರೆಸಿವ್’ಗೆ ಬರೋಣ. ‘ಪ್ರಗತಿಪರ’ ಆಗುವುದಿಲ್ಲ, ಅದು ವಿಚಾರಕ್ಕೆ ಸಲ್ಲುವ ಮಾತು. ‘ತಿರುಗುವ ಪ್ರೆಸ್’ ಎಂದರೆ ಎರಡನೆಯ ಬಗೆಯ ಜೊತೆ ಬೆರೆಯುತ್ತದೆ, ಒಂದರಲ್ಲಿ ಮೇಲೆ ತಿರುಗಿದರೆ ಇನ್ನೊಂದರಲ್ಲಿ ಕೆಳಗೆ. ಗೆಳೆಯರೊಬ್ಬರು ‘ಹಂತ ಹಂತದ ಪ್ರೆಸ್’ ಎಂದರು. ಮೊದಲು ಚೆನ್ನಾಗಿಯೇ ಕಂಡಿತು. ಯೋಚಿಸಿದರೆ ಹಂತ ಹಂತವಾಗಿ ದುಡಿಯುವುದು ಒಂಟಿ ಅಚ್ಚಿನ ಪ್ರೆಸ್. ಇದರಲ್ಲಿ ಎಲ್ಲ ಹಂತವೂ ಒಂದೇ ಎಳೆತದಲ್ಲಿ ನಡೆಯುತ್ತದೆ. ಹೆಸರು ಉಲ್ಟಾ ಆಗಿಬಿಡುತ್ತದೆ.

ಸದ್ಯಕ್ಕೆ ನನ್ನ ಒಲವು ‘ಸರದಿ ಪ್ರೆಸ್’ ಕಡೆಗೆ. ಪ್ರತಿ ಚಿಪ್ಪೂ ಸರದಿಯಂತೆ ಪ್ರತಿ ಅಚ್ಚಿನ ಕೆಳಗೆ ಬರುತ್ತದೆ. ಕೈಯಲ್ಲಿ ಸರಿಸುವುದಕ್ಕೆ ‘ಕೈಸರದಿ’, ತಾನೇ ಸರಿಯುವುದಕ್ಕೆ ‘ತಾನ್‌ಸರದಿ’ ಎಂದು ಬೆಳೆಸಲೂಬಹುದು. ಎರಡನೆಯದು ಬಾಯಿಗೆ ಸ್ವಲ್ಪ ಒರಟು. ಬೇರೆ ಹೊಳೆದರೆ ಹೇಳಿ.

ಒಂದು ವಿಷಯ ಪೀಣ್ಯ ಅಥವಾ ಹುಬ್ಬಳ್ಳಿಯ ಟೂಲ್ ರೂಮ್‌ಗಳಲ್ಲಿ ದುಡಿದವರನ್ನು ಕೇಳಬೇಕು. ತಗಡಿನ ಕೆಲಸದಲ್ಲಿ ‘ಪ್ರೊಗ್ರೆಸಿವ್ ಟೂಲ್’ ಇದೆ. ಪಟ್ಟಿ ಮುಂದೆ ಸರಿಯುತ್ತಾ ಹೋಗುತ್ತದೆ, ಪ್ರತಿ ಹೊಡೆತಕ್ಕೂ ಒಂದು ಪೂರ್ತಿ ಭಾಗ ಬೀಳುತ್ತದೆ. ತತ್ವ ಇದೇ. ಅಲ್ಲಿನ ಕೆಲಸಗಾರರು ತಮ್ಮತಮ್ಮಲ್ಲಿ ಮಾತಾಡುವಾಗ ಅದಕ್ಕೆ ಬೇರೆ ಹೆಸರು ಬಳಸುತ್ತಾರಾ? ಬಳಸುವುದಾದರೆ ‘ಸರದಿ’ ಬಿಟ್ಟು ಅದನ್ನೇ ತೆಗೆದುಕೊಳ್ಳುತ್ತೇನೆ.