ಸಹಾಯ ಬೇಕು: ‘ರ‍್ಯಾಬಿಟ್ ಫೈರ್’ ಡಿವಿಡಿ ಯಾರ ಹತ್ತಿರವಾದರೂ ಇದೆಯಾ?

ಎಲ್ಲರಿಗೂ ನಮಸ್ಕಾರ. ಚಕ್ ಜೋನ್ಸ್ ನಿರ್ದೇಶಿಸಿದ 1951ರ ಕಾರ್ಟೂನು ಇದು. ಮೊಲ ಬಗ್ಸ್ ಬನ್ನಿ, ಬಾತುಕೋಳಿ ಡ್ಯಾಫಿ ಡಕ್ ಇಬ್ಬರೂ ಬೇಟೆಗಾರ ಎಲ್ಮರ್ ಮುಂದೆ ‘ಈಗ ಮೊಲದ ಬೇಟೆ ಕಾಲ’, ‘ಅಲ್ಲ, ಬಾತುಕೋಳಿ ಕಾಲ’ ಅಂತ ಕಿತ್ತಾಡ್ತಾರಲ್ಲ, ಅದೇ.

ಬೇಸಿಗೆ ಶಿಬಿರದಲ್ಲಿ ಮಕ್ಕಳಿಗೆ ಅನಿಮೇಷನ್ ಹೇಳಿಕೊಡ್ತಿದ್ದೀನಿ. ಗುಂಡೇಟಿಗೆ ಡ್ಯಾಫಿಯ ಕೊಕ್ಕು ತಲೆಯ ಹಿಂದಕ್ಕೆ ತಿರುಗುತ್ತೆ, ಅದನ್ನ ಕೈಯಲ್ಲೇ ಸರಿಮಾಡಿಕೊಂಡು ಮತ್ತೆ ವಾದಕ್ಕಿಳೀತಾನೆ. ಆ ಸಿಟ್ಟು, ಆ ಅವಮಾನ ಎಲ್ಲಾ ಗೆರೆಯಲ್ಲೇ ಇದೆ. ಒಂದೊಂದೇ ಫ್ರೇಮ್ ನಿಲ್ಲಿಸಿ ತೋರಿಸಬೇಕು. ಎರಡೂ ಪಾತ್ರಕ್ಕೆ ದನಿ ಮೆಲ್ ಬ್ಲಾಂಕ್ ಒಬ್ಬರದೇ, ಅದನ್ನೂ ಕೇಳಿಸಬೇಕು.

ನನಗೆ ನೆಟ್ಟಲ್ಲಿ ಸಿಕ್ಕ ತುಣುಕುಗಳೆಲ್ಲ ಮಸುಕು. ಬೆಂಗಳೂರು, ಮೈಸೂರು ಕಡೆಯವರು ಎರಡು ದಿನಕ್ಕೆ ಎರವಲು ಕೊಟ್ಟರೂ ಸಾಕು. ನಾನೇ ಬಂದು ತಗೊಂಡು, ಜೋಪಾನವಾಗಿ ವಾಪಸ್ ತಲುಪಿಸ್ತೀನಿ.