ಅಮಿರಿಯಾ ಶೆಲ್ಟರ್ ಮೇಲೆ ಬಾಂಬ್ ಬಿದ್ದಿದ್ದು ಹೇಗೆ?

ಪ್ರಶ್ನೆ: ಗಲ್ಫ್ ಯುದ್ಧದ ಬಗ್ಗೆ ಓದ್ತಾ ಇದ್ದೆ. 1991 ಫೆಬ್ರವರಿ 13ರ ಬೆಳಗಿನ ಜಾವ ಬಾಗ್ದಾದ್‌ನ ಅಮಿರಿಯಾದಲ್ಲಿ ಜನ ಮಲಗಿದ್ದ ಶೆಲ್ಟರ್ (ಬಾಂಬ್ ದಾಳಿಯಿಂದ ತಪ್ಪಿಸಿಕೊಳ್ಳೋಕೆ ಕಟ್ಟಿದ ಆಶ್ರಯ) ಮೇಲೇ ಅಮೆರಿಕದವರು ಬಾಂಬ್ ಹಾಕಿ 400ಕ್ಕೂ ಹೆಚ್ಚು ಜನ ಸತ್ರಂತೆ. ಅಷ್ಟು ದಪ್ಪ ಕಾಂಕ್ರೀಟ್ ಇದ್ರೂ ಹೇಗೆ? ಗುರಿ ತಪ್ಪಿ ಬಿತ್ತಾ?

ಉತ್ತರ 1: ಗುರಿ ಎಲ್ಲಿ ತಪ್ಪಿದೆ ಗುರು, ಸರಿಯಾಗೇ ಬಿದ್ದಿದ್ದು. ಎಫ್-117 ಸ್ಟೆಲ್ತ್ (ರಾಡಾರ್‌ಗೆ ಸುಲಭವಾಗಿ ಸಿಗದ) ವಿಮಾನದಿಂದ 2000 ಪೌಂಡಿನ ಎರಡು ಲೇಸರ್ ಗೈಡೆಡ್ ಬಾಂಬ್, ಮೊದಲನೇದು ಛಾವಣಿ ತೂತು ಮಾಡ್ತು ಎರಡನೇದು ಆ ತೂತಿಂದಲೇ ಒಳಗೆ ಹೋಯ್ತು. ಒಳಗಿದ್ದವರು ಹೆಚ್ಚಾಗಿ ಹೆಂಗಸರು ಮಕ್ಕಳು. ಕೆಳಗಡೆ ನೀರಿನ ಟ್ಯಾಂಕ್ ಒಡೆದು ಕುದಿಯೋ ನೀರಲ್ಲಿ ಬೆಂದು ಸತ್ತವರೂ ಇದಾರೆ.

ಉತ್ತರ 2: ಅಮೆರಿಕ ಹೇಳಿದ್ದು ಅದು ಮಿಲಿಟರಿ ಕಮಾಂಡ್ ಸೆಂಟರ್ ಅಂತ, ಛಾವಣಿಗೆ ಕ್ಯಾಮೊಫ್ಲಾಜ್ ಪೇಂಟ್ ಇತ್ತು, ಸುತ್ತ ಮುಳ್ಳುತಂತಿ ಇತ್ತು ಅಂತೆಲ್ಲ. ಇರಾಕ್ ಅಧ್ಯಕ್ಷ ಸದ್ದಾಂ ಬೇಕಂತಲೇ ಜನರನ್ನ ಅಲ್ಲಿಟ್ಟ ಅಂತಲೂ ಮಾತು ತೇಲಿಬಿಟ್ರು.

ಉತ್ತರ 3: ಆ ವಾದ ನಂಗಂತೂ ಒಪ್ಪಿಗೆ ಇಲ್ಲ. ಇರಾನ್-ಇರಾಕ್ ಯುದ್ಧದ ಟೈಮಲ್ಲೇ ಅದು ಜನರ ಶೆಲ್ಟರ್ ಆಗಿತ್ತು, ಹೊಡೆಯೋ ಮುಂಚೆ ಎಚ್ಚರಿಕೆ ಕೊಡ್ಬೇಕಿತ್ತು ಅಂತ ಮಾನವ ಹಕ್ಕುಗಳ ಸಂಘಟನೆ ಹ್ಯೂಮನ್ ರೈಟ್ಸ್ ವಾಚ್ ಕೂಡ ಬರೆದಿದೆ. ಟೀವಿಯಲ್ಲಿ ಸುಟ್ಟ ಹೆಣಗಳನ್ನ ಜಗತ್ತೆಲ್ಲ ನೋಡಿದ ಮೇಲೆ ಬಾಗ್ದಾದ್ ಊರೊಳಗೆ ಬಾಂಬ್ ಹಾಕೋದು ತುಂಬಾ ಕಮ್ಮಿ ಆಯ್ತು, ಪ್ರತಿ ಟಾರ್ಗೆಟ್‌ಗೂ ಮೇಲಿನವರ ಒಪ್ಪಿಗೆ ಬೇಕಾಯ್ತು.