ಮ್ಯಾಮೊಗ್ರಾಂ: ‘ಏನೂ ಇಲ್ಲ’ ಅಂದ ಮೇಲೂ ಹೋಗದ ಭಯ

ಪ್ರಶ್ನೆ: ಜಗಳೂರು, ಹರಿಹರದ ಕಡೆಯಿಂದ ದಾವಣಗೆರೆಗೆ ಬಂದು ಮ್ಯಾಮೊಗ್ರಾಂ (ಸ್ತನದ ಎಕ್ಸ್-ರೇ) ಮಾಡಿಸಿದ ಕೆಲವರಿಗೆ ‘ಬೈರ್ಯಾಡ್ಸ್ 0’ ಅಂತ ರಿಪೋರ್ಟ್ ಬರುತ್ತೆ. ಬೈರ್ಯಾಡ್ಸ್ ಅಂದ್ರೆ ಚಿತ್ರದಲ್ಲಿ ಕಂಡದ್ದಕ್ಕೆ ವೈದ್ಯರು ಕೊಡುವ ದರ್ಜೆ ಸಂಖ್ಯೆ. ಮರುಪರೀಕ್ಷೆಯಲ್ಲಿ ಏನೂ ಇಲ್ಲ ಅಂದರೂ ಭಯ ಹೋಗಲ್ಲ, ಮುಂದಿನ ಸಲ ಬರೋದೇ ಇಲ್ಲ. ಇವರಿಗೆ ಹೇಗೆ ತಿಳಿಸಿ ಹೇಳೋದು?

ಉತ್ತರ 1: 0 ಅಂದ್ರೆ ಕ್ಯಾನ್ಸರ್ ಅಲ್ಲ, ‘ಚಿತ್ರ ಸಾಲದು’ ಅಂತ ಅಷ್ಟೆ. ಇನ್ನೊಂದು ಕೋನದಿಂದ ಫಿಲ್ಮ್ ಇಲ್ಲವೇ ಅಲ್ಟ್ರಾಸೌಂಡ್ ಬೇಕು. 3 ಬಂದರೆ ಸಾಮಾನ್ಯವಾಗಿ 6 ತಿಂಗಳಿಗೆ ಮತ್ತೆ ನೋಡ್ತಾರೆ. ಆಗಲೂ ಕ್ಯಾನ್ಸರ್ ಇರುವ ಸಾಧ್ಯತೆ 2%ಗಿಂತ ಹೆಚ್ಚಿಲ್ಲ. ಬಯಾಪ್ಸಿ (ಚೂರು ಅಂಗಾಂಶ ತೆಗೆದು ಪರೀಕ್ಷಿಸೋದು) ಮಾತು ಬರೋದು 4ರಿಂದ. ಇದನ್ನು ಪರೀಕ್ಷೆಗೆ ಮೊದಲೇ ಹೇಳಬೇಕು. ಫೋನಲ್ಲಿ ‘ಮತ್ತೆ ಬನ್ನಿ’ ಅಂದು ಇಟ್ಟುಬಿಟ್ಟರೆ ರಾತ್ರಿಯೆಲ್ಲ ನಿದ್ದೆ ಬರುತ್ತಾ?

ಉತ್ತರ 2: ಭಯ ಸುಳ್ಳಲ್ಲ. 2013ರ ಡೆನ್ಮಾರ್ಕ್ ಅಧ್ಯಯನದಲ್ಲಿ, ಕ್ಯಾನ್ಸರ್ ಇಲ್ಲವೆಂದು ಖಚಿತವಾಗಿ 3 ವರ್ಷ ಕಳೆದರೂ ಆತಂಕ ಉಳಿದಿತ್ತು. ‘ಸುಮ್ನೆ ಹೆದರ್ತೀರಿ’ ಅನ್ನಬೇಡಿ.

ಉತ್ತರ 3: ಕೆಲವು ಸುಳ್ಳು ಎಚ್ಚರಿಕೆ ತಪ್ಪಿಸಬಹುದು. ಆ ದಿನ ಕಂಕುಳಿಗೆ ಪೌಡರ್, ಡಿಯೋಡರೆಂಟ್ ಬೇಡ. ಅವು ಫಿಲ್ಮ್‌ನಲ್ಲಿ, ಕ್ಯಾನ್ಸರ್ ಸಂಶಯ ಹುಟ್ಟಿಸಬಲ್ಲ ಸುಣ್ಣದ (ಕ್ಯಾಲ್ಸಿಯಂ) ಕಣದಂತೆ ಕಾಣುತ್ತವೆ. ಹಳೇ ಫಿಲ್ಮ್ ತನ್ನಿ, ಬರೀ ರಿಪೋರ್ಟ್ ಸಾಲದು. ಮೊದಲಿಂದ ಹಾಗೇ ಇರೋ ಗಂಟು ಹೋಲಿಸಿದಾಗಲೇ ಗೊತ್ತಾಗೋದು.